ಬೆಟ್ಟ-ಹುಲ್ಲುಗಾವಲು ಪರಿಸರ ಕಿಟ್: ಆಟ ಭಾರಿ ಅದ, ಸೀಡ್‌ಬಾಲ್ ಮಾತ್ರ ಬ್ಯಾಡ್ರಿ

ಮೊದ್ಲ ರೇಟಿಂಗ್ ಹೇಳಿಬಿಡ್ತೀನಿ, ಆಮ್ಯಾಲ ಪುರಾಣ. ಐದರಾಗ ಮೂರೂವರಿ. ಇಲ್ಲಿ ಅರ್ಧ ಸ್ಟಾರ್ ಒತ್ಲಾಕ ಬರಲ್ಲ, ಅದಕ್ಕ ನಾಕು ಒತ್ತೀನಿ. ಆ ಮ್ಯಾಲಿನ ಅರ್ಧ ಕಂಪನಿಗಲ್ಲ, ನಮ್ಮ ಸಾಲಿ ಹುಡುಗ್ರಿಗಿ ಅಂತ ತಿಳ್ಕೊಳ್ರಿ.

ಈ ಕಿಟ್ ಕೆಳಗ ಇರೋ ರಿವ್ಯೂ ಎಲ್ಲಾ ಓದೀನಿ. ಹೆಚ್ಚಾಗಿ ಬೆಂಗಳೂರು, ಪುಣೆ ಕಡೆ ಮನ್ಯಾಗ ಒಂದೋ ಎರಡೋ ಮಕ್ಕಳಿಗಿ ತರಿಸ್ದೋರು ಬರ್ದಾರ, ಕ್ವಾಲಿಟಿ ಮಸ್ತ್ ಅದ, ಪ್ಯಾಕಿಂಗ್ ಮಸ್ತ್ ಅದ, ಮಕ್ಕಳು ಖುಷಿ ಆದ್ರು, ಅಷ್ಟೇ. ಸಾಲಿಗಿ ತರಿಸಿ, ಒಂದು ಕ್ಲಾಸ್ ತುಂಬ ಹುಡುಗ್ರನ ಮುಂದ ಇಟ್ಕೊಂಡು ನಡೆಸಿದ್ರ ಹೆಂಗಾಗ್ತದ ಅಂತ ಯಾರೂ ಬರ್ದಿಲ್ಲ. ನಾ ಬೀದರ್ ಕಡೆ ಒಂದು ಹಳ್ಳ್ಯಾಗ ಸರ್ಕಾರಿ ಸಾಲಿ ಮಾಸ್ತರ, ಆರನೇತ್ತ ಏಳನೇತ್ತ ಎಂಟನೇತ್ತಕ್ಕ ವಿಜ್ಞಾನ ಹೇಳ್ತೀನಿ. ರೊಕ್ಕ ಸ್ವಲ್ಪ ಸಾಲಿ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕಡಿಂದ ಬಂತು, ಉಳಿದದ್ದು ನಾವು ಮಾಸ್ತರ್ರು ಅಕ್ಕೋರು ಕೂಡಿಸಿ ಹಾಕೀವಿ. ಹತ್ತತ್ರ ಮೂರು ಸಾವಿರ ಆಗ್ತದ, ಸರ್ಕಾರಿ ಸಾಲಿಗಿ ಅದು ಸಣ್ಣ ರಖಂ ಅಲ್ಲ, ಅದಕ್ಕೇ ಇಷ್ಟುದ್ದ ಬರಿಲತ್ತೀನಿ.

ಕಿಟ್‌ನ್ಯಾಗ ಏನೇನು ಅದ ಅಂದ್ರ, ಒಂದು ದೊಡ್ಡ ಕ್ಯಾನ್ವಾಸ್ ಚೀಲ, ಅದ್ರೊಳಗ ಬೇರಿನ ಚಿತ್ರ ಇರೋ ಉದ್ದನ ಬಟ್ಟಿ, ಪ್ರಾಣಿ ಕಥಿ ಕಾರ್ಡ್ಸ್, ಕೈಗಿ ಹಾಕ್ಕೊಳ್ಳೋ ಬೊಂಬಿ, ಎರಡು ಪೋಸ್ಟರ್, ಮಾರ್ಕರ್ ಪೆನ್ನು ಮತ್ತ ಸ್ಪ್ರೇ ಬಾಟ್ಲಿ, ಮೈದಾನದಾಗ ಆಡೋ ಆಟದ ನಿಯಮದ ಪುಸ್ತಕ, ಕಡಿಕ್ಕ ಒಂದು ಪೊಟ್ಟಣ ಸೀಡ್‌ಬಾಲ್, ಅಂದ್ರ ಬೀಜ ಇಟ್ಟು ಮಾಡಿದ ಉಂಡಿ. ವಿಷಯ ಪೂರಾ ಅಮೆರಿಕಾದು. ಅಲ್ಲಿ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಅಂತ ಸರ್ಕಾರಿ ಇಲಾಖೆ ಅದ, ಅವ್ರು ಕೊಲೊರಾಡೊ, ವಯೋಮಿಂಗ್, ಮೊಂಟಾನಾ, ಯೂಟಾ, ಎರಡು ಡಕೋಟಾ, ನೆಬ್ರಾಸ್ಕಾ, ಕ್ಯಾನ್ಸಸ್ ಈ ಎಂಟು ರಾಜ್ಯ ಕೂಡಿಸಿ ಮೌಂಟನ್-ಪ್ರೇರಿ, ಅಂದ್ರ ಬೆಟ್ಟ-ಹುಲ್ಲುಗಾವಲು, ಅಂತ ಒಂದು ವಿಭಾಗ ಮಾಡ್ಯಾರ. ಒಂದು ಕಡಿ ರಾಕಿ ಪರ್ವತ, ಅದ್ರ ಪೂರ್ವಕ್ಕ ಕಣ್ಣು ಹಾಯೋ ತನಕ ಹುಲ್ಲಿನ ಬಯಲು. ಅಲ್ಲಿ ಸಾಲಿ ಹುಡುಗ್ರಿಗಿ ಹೇಳೋ ಪಾಠಾನೇ ತಗೊಂಡು ಇಲ್ಲಿನ ಕಂಪನಿ ಕಿಟ್ ಮಾಡ್ಯದ. ನಂಗೇನು ಅದ್ರಾಗ ತಕರಾರಿಲ್ಲ. ನಮ್ಮ ಹುಡುಗ್ರು ಪಠ್ಯಪುಸ್ತಕದಾಗ ಪ್ರೇರಿ, ಸ್ಟೆಪ್ಪಿ, ಪಂಪಾಸ್ ಅಂತ ಬಾಯಿಪಾಠ ಮಾಡೇ ಮಾಡ್ತಾರ, ಒಂದು ಅಂಕದ ಪ್ರಶ್ನಿ. ಅದ್ರಾಗ ಜೀವ ಹೆಂಗ ನಡಿತದ ಅಂತ ಮಾತ್ರ ಯಾರೂ ಹೇಳಲ್ಲ.

ಬೇರಿನ ಬಟ್ಟಿಲಿಂದ ಶುರು ಮಾಡ್ತೀನಿ ಯಾಕಂದ್ರ ರೊಕ್ಕ ವಸೂಲಾಗೋದು ಅಲ್ಲೇ. ಸೀರಿ ಅಷ್ಟು ಉದ್ದ ಇಲ್ಲ, ಆದ್ರೂ ಸಾಲಿ ಮಾಳಗಿ ಮ್ಯಾಲಿಂದ ಇಳಿಬಿಟ್ರ ನೆಲಕ್ಕ ಮುಟ್ಲಾಕ ಜರಾ ಕಮ್ಮಿ. ತುದಿಗಿ ಒಂದು ಗೇಣು ಹುಲ್ಲು, ಅದ್ರ ಕೆಳಗ ಪೂರಾ ಬೇರೇ ಬೇರು. ಬಿಗ್ ಬ್ಲೂಸ್ಟೆಮ್ ಅಂತ ಅಲ್ಲಿನ ಹುಲ್ಲು, ಮ್ಯಾಲ ಆಳೆತ್ತರ ಬೆಳಿತದ, ಕೆಳಗ ಎರಡು ಮೀಟರ್ ದಾಟಿ ಬೇರು ಬಿಡ್ತದ. ಬೆಂಕಿ ಬಿದ್ರ, ದನ ಮೇದ್ರ, ಬರ ಬಂದ್ರ ಮ್ಯಾಲಿಂದು ಹೋಗ್ತದ, ಚಿಗುರೋ ಕಣ್ಣು ನೆಲದ ಕೆಳಗ ಇರ್ತದ ಅದಕ್ಕ ಮಳಿ ಬಿದ್ದ ಕೂಡ್ಲೇ ಮತ್ತ ಹುಟ್ತದ. ಇದನ್ನ ನಾ ಬೋರ್ಡ್ ಮ್ಯಾಲ ಎಷ್ಟು ಬರ್ದು ತೋರ್ಸಿದ್ರೂ ಆಗ್ತಿರ್ಲಿಲ್ಲ. ಬಟ್ಟಿ ಇಳಿಬಿಟ್ಟಾಗ ಹುಡುಗ್ರು ಸಾಲಾಗಿ ನಿಂತು ತಮ್ಮ ಎತ್ತರ ಎಲ್ಲಿಗಿ ಬರ್ತದ ಅಂತ ಬೇರಿಗಿ ಅಳತಿ ಹಚ್ಕೊಂಡ್ರು, ಎಂಟನೇತ್ತದ ಎತ್ತರದ ಹುಡ್ಗ ಸುದ್ದಾ ಬೇರಿನ ಅರ್ಧ ದಾಟಿ ಮ್ಯಾಲ ಹೋಗ್ಲಿಲ್ಲ. ಆಮ್ಯಾಲ ಒಬ್ಬಾಕಿ ಕೇಳಿದ್ಳು, ಸರ್ ನಮ್ಮ ತೊಗರಿದು ಎಷ್ಟು ಇಳಿತದ ಅಂತ. ತೊಗರಿ ತಾಯಿಬೇರು ಆಳಕ್ಕ ಹೋಗ್ತದ ಅದಕ್ಕೇ ಮಳಿ ಹಿಂದಾದ್ರೂ ತೊಗರಿ ತಡ್ಕೋತದ, ಉದ್ದು ಹೆಸರು ಮೊದ್ಲ ಒಣಗ್ತಾವ, ಇದು ಅವ್ರಪ್ಪಗ ಗೊತ್ತಿರೋ ಮಾತೇ, ಆದ್ರ ಸಾಲ್ಯಾಗ ಬಂದದ್ದು ಅವತ್ತೇ. ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ, ಜಿಕೆ ಪುಸ್ತಕದಾಗ ಬರ್ತದ, ಅದ್ರ ಬೇರಿನ ಸುದ್ದಿ ಮಾತ್ರ ಎಲ್ಲೂ ಬರಲ್ಲ ನೋಡ್ರಿ.

ಆ ಬಟ್ಟಿ ಜೋಡಿನೇ ಒಂದು ಕಾರ್ಡ್ ಅದ, 1930ರ ದಶಕದ ಧೂಳಿನ ಕಥಿ. ಅಲ್ಲಿನ ರೈತ್ರು ಗೋಧಿಗಿ ರೇಟ್ ಬಂತಂತ ಹುಲ್ಲಿನ ಬಯಲು ಪೂರಾ ಟ್ರ್ಯಾಕ್ಟರ್ ಹೊಡ್ದು ತಿರುವಿ ಹಾಕಿದ್ರು, ಮ್ಯಾಲ ಬರ ಬಂತು, ಹಿಡ್ಕೊಳ್ಳೋ ಬೇರೇ ಇಲ್ಲದ ಮಣ್ಣು ಗಾಳಿಗಿ ಎದ್ದು ಹಾರ್ತು. 1935ರ ಏಪ್ರಿಲ್ 14ಕ್ಕ ಹಗಲಿನ್ಯಾಗ ಕತ್ತಲಾಗಂಗ ಧೂಳು ಎದ್ದಿತ್ತು, ಅದಕ್ಕ ಬ್ಲ್ಯಾಕ್ ಸಂಡೇ ಅಂತಾರ. ಅದೇ ತಿಂಗಳ ಕಡಿಗಿ ಅಲ್ಲಿ ಮಣ್ಣು ಕಾಯೋದಕ್ಕೇ ಅಂತ ಕಾನೂನು ಮಾಡಿ ಬ್ಯಾರೆ ಇಲಾಖೆ ತಗ್ದ್ರು. ಈ ಕಾರ್ಡ್ ಓದಿ ಮನಿಗಿ ಹೋಗಿ ಮುತ್ಯಾನ ಕೇಳ್ರಿ ಅಂತ ಹೇಳ್ದೆ, ಮರುದಿನ ಬರೇ 1972ರ ಬರದ ಕಥಿಗೋಳೇ ಬಂದ್ವು. ಪುಸ್ತಕದಾಗ ಇಲ್ಲದ ಹೋಂವರ್ಕ್ ಇದು, ಆದ್ರ ಒಬ್ರೂ ತಪ್ಪಿಸ್ಲಿಲ್ಲ.

ಈಗ ಆಟ. ಕಿಟ್‌ನ ಕವರ್ ಮ್ಯಾಲ ಇದ್ರ ಹೆಸರು ದೊಡ್ಡದಾಗಿ ಹಾಕಿಲ್ಲ, ಪುಸ್ತಕದ ನಡುವ ಒಂದು ಪುಟದಾಗ ತುರುಕ್ಯಾರ, ಖರೇ ಹೇಳ್ಬೇಕಂದ್ರ ಕಿಟ್ ತಗೊಳ್ಳೋದೇ ಇದಕ್ಕ. ಅಮೆರಿಕಾದಾಗ ಪ್ರಾಜೆಕ್ಟ್ ವೈಲ್ಡ್ ಅಂತ 1983ರಿಂದ ಮಾಸ್ತರ್ರಿಗಿ ತರಬೇತಿ ಕೊಡೋ ಕಾರ್ಯಕ್ರಮ ಅದ, ಈ ಆಟ ಅಲ್ಲಿಂದೇ ಎಲ್ಲಾ ಕಡಿ ಹಬ್ಬಿದ್ದು, ಕಂಪನಿಯವ್ರು ಅವ್ರ ಹೆಸರೇ ಹಾಕಿಲ್ಲ, ಅದು ಸರಿ ಅಲ್ಲ. ಇರ್ಲಿ. ಅಲ್ಲಿ ಜಿಂಕಿ ಇಟ್ಟು ಆಡ್ತಾರ, ನಾವು ಚಿಗರಿ, ಅಂದ್ರ ಕೃಷ್ಣಮೃಗ, ಮಾಡ್ಕೊಂಡೀವಿ. ಬಿಸಿಯೂಟ ಆಗಿ ಜರಾ ಹೊತ್ತು ಬಿಟ್ಟು ಆಡಿಸ್ರಿ, ಉಂಡ ಕೂಡ್ಲೇ ಬ್ಯಾಡ, ಓಡೋದು ಭಾಳ ಅದ.

ಮೈದಾನದಾಗ ಎರಡು ಗೆರಿ ಹೊಡಿಬೇಕು. ಒಂದು ಗೆರಿ ಮ್ಯಾಲ ಹತ್ತು ಮಂದಿ ಚಿಗರಿ, ಎದುರು ಗೆರಿ ಮ್ಯಾಲ ಉಳಿದೋರೆಲ್ಲಾ ಬಯಲು. ಹೊಟ್ಟಿ ಮ್ಯಾಲ ಕೈ ಇಟ್ರ ಮೇವು, ಬಾಯಿ ಮ್ಯಾಲ ಇಟ್ರ ನೀರು, ತಲಿ ಮ್ಯಾಲ ಎರಡೂ ಕೈ ಕೂಡಿಸಿದ್ರ ಆಸರ. ಎರಡೂ ಕಡಿಯೋರು ಬೆನ್ನು ತಿರುವಿ ನಿಂತು ಮನಸಿಗಿ ಬಂದ ಗುರ್ತು ಮಾಡ್ಬೇಕು. ಮಾಸ್ತರ ಸೀಟಿ ಊದಿದ್ರ ತಿರುಗ್ಬೇಕು, ಗುರ್ತು ಬದಲಾಯ್ಸಂಗಿಲ್ಲ. ಮೇವಿನ ಗುರ್ತಿನ ಚಿಗರಿ ಓಡಿ ಹೋಗಿ ಮೇವಿನ ಗುರ್ತಿನ ಹುಡ್ಗನ ಹಿಡ್ಕೊಂಡು ಬರ್ಬೇಕು, ಸಿಕ್ಕೋನು ಈಗ ಚಿಗರಿ ಆದ, ಅಂದ್ರ ಮರಿ ಹುಟ್ತು ಅಂತ ಲೆಕ್ಕ. ತನ್ನ ಗುರ್ತಿನೋರು ಯಾರೂ ಸಿಗದ ಚಿಗರಿ ಸತ್ತು ಬಯಲಿಗಿ ಸೇರ್ತದ, ಮುಂದಿನ ಆಟದಾಗ ಅದೇ ಮೇವು, ಅದೇ ನೀರು. ಒಂದೊಂದು ಸುತ್ತು ಒಂದೊಂದು ವರ್ಷ. ವರ್ಷ ವರ್ಷ ಎಷ್ಟು ಚಿಗರಿ ಉಳಿದ್ವು ಅಂತ ಒಬ್ಬಾಕಿ ನೋಟ್‌ಬುಕ್‌ನ್ಯಾಗ ಬರ್ಕೊಂತ ಹೋಗ್ಬೇಕು.

ಮೊದ್ಲ ಎರಡು ಮೂರು ಸುತ್ತಿನ್ಯಾಗ ಚಿಗರಿ ಏರ್ತಾವ ಏರ್ತಾವ, ಹುಡುಗ್ರು ಕುಣಿತಾರ. ಆಮ್ಯಾಲ ಎದುರಿಗಿ ಬಯಲೇ ಉಳಿಯಲ್ಲ, ಒಮ್ಮೆಲೇ ಅರ್ಧಕ್ಕರ್ಧ ಸಾಯ್ತಾವ. ಮತ್ತ ಬಯಲು ತುಂಬ್ತದ, ಮತ್ತ ಏರ್ತಾವ. ಇದನ್ನ ಒಳಗ ಬಂದು ಗ್ರಾಫ್ ಹಾಕ್ಸಿದ್ರ ಗೆರಿ ಏರೋದು ಇಳಿಯೋದು ಏರೋದು ಇಳಿಯೋದು. ಎಂಟನೇತ್ತದ ಹುಡುಗ್ರಿಗಿ ಗ್ರಾಫ್ ಅಂದ್ರ ಜ್ವರ ಬರ್ತದ, ಆದ್ರ ಈ ಗ್ರಾಫ್‌ನ್ಯಾಗ ತಾನು ಸತ್ತ ವರ್ಷ ಯಾವ್ದು ಅಂತ ತೋರ್ಸಿ ಜಗಳಾಡಿದ್ರು. ಮೋಸಾನೂ ಆಗ್ತದ, ತಿರುಗಿದ ಮ್ಯಾಲ ಮೆಲ್ಲಕ ಕೈ ಹೊಟ್ಟಿಲಿಂದ ಬಾಯಿಗಿ ಸರಿಸ್ತಾರ. ನಾ ಬೈಲಿಲ್ಲ, ಹಂಗ ಸರಿಸ್ಲಾಕ ಚಿಗರಿಗಿ ಬರ್ತದೇನು, ನೀರಡಿಸ್ದಾಗ ಹುಲ್ಲು ತಿಂದು ಬದುಕ್ತದೇನು ಅಂತ ಕೇಳಿದ್ರ ಅವ್ರೇ ಒಬ್ಬರನ್ನೊಬ್ರು ಕಾವಲು ಕಾಯ್ಲಾಕ ಹತ್ತಿದ್ರು.

ಇದ್ರ ಮ್ಯಾಲ ಬರ ವರ್ಷ ಅಂತ ಒಂದು ಸುತ್ತು ಅದ, ನೀರಿನ ಗುರ್ತು ಯಾರೂ ಮಾಡಂಗಿಲ್ಲ, ಆದ್ರ ಇದು ಚಿಗರಿಗೋಳಿಗಿ ಹೇಳಂಗಿಲ್ಲ. ತೋಳ ಬಿಡೋ ಸುತ್ತೂ ಅದ. ಪುಸ್ತಕದಾಗ ಇಲ್ಲದ್ದು ಒಂದು ನಾವು ಸೇರಿಸೀವಿ, ಸ್ಕಿಪ್ಪಿಂಗ್ ಹಗ್ಗ ಎರಡು ಕೂಡಿಸಿ ನಡುವ ಅಡ್ಡ ಹಿಡಿಸ್ದೆ, ಇದು ಲೇಔಟ್ ಕಂಪೌಂಡ್ ಅಂತ ತಿಳ್ಕೊಳ್ರಿ, ಸುತ್ತು ಹಾಕಿ ಬರ್ಬೇಕು, ಹಗ್ಗ ದಾಟಂಗಿಲ್ಲ. ಮೇವೂ ಅಷ್ಟೇ ಅದ ನೀರೂ ಅಷ್ಟೇ ಅದ, ಬರೇ ಒಂದು ಹಗ್ಗಕ್ಕ ಚಿಗರಿ ಎಷ್ಟು ಕಮ್ಮಿ ಆದ್ವು ಅಂತ ನೋಡಿ ನಂಗೇ ಗಾಬ್ರಿ ಆಯ್ತು. ಇಂಥಾದ್ದು ಮಾಡ್ಲಾಕ ಕಿಟ್ ಬೇಕೇ ಅಂತ ಕೇಳ್ಬಹುದು, ಬ್ಯಾಡ, ಆಟಕ್ಕ ಸೀಟಿ ಬಿಟ್ರ ಏನೂ ಬೇಕಿಲ್ಲ. ಆದ್ರ ನಂಗ ಗೊತ್ತಾಗಿದ್ದು ಇದ್ರಿಂದೇ, ಅದಕ್ಕ ಸುಳ್ಳು ಹೇಳಲ್ಲ.

ಪ್ರಾಣಿ ಕಾರ್ಡ್ಸ್ ಚಂದ ಅವ, ಗಟ್ಟಿ ಲ್ಯಾಮಿನೇಷನ್, ಹುಡುಗ್ರ ಕೈಯಾಗ ಇನ್ನೂ ಹರದಿಲ್ಲ. ಕಾಡುಕೋಣದಂಥ ಬೈಸನ್ ಒಂದು ಕಾಲಕ್ಕ ಕೋಟಿಗಟ್ಲೆ ಇದ್ವು, 1880ರ ದಶಕ ಮುಗಿಯೋದ್ರಾಗ ಸಾವಿರಕ್ಕಿಂತ ಕಮ್ಮಿ ಉಳಿದಿದ್ವು. ಅವು ನೆಲದಾಗ ಉಳ್ಳಾಡಿದ ತಗ್ಗಿನ್ಯಾಗ ಮಳಿ ನೀರು ನಿಂತು ಕಪ್ಪಿ, ಹುಳ, ಹಕ್ಕಿ ಎಲ್ಲಾ ಬರ್ತಾವಂತ, ನಮ್ಮ ಎಮ್ಮಿ ಕೆಸರಿನ್ಯಾಗ ಬೀಳೋದು ನೋಡ್ದ ಹುಡುಗ್ರಿಗಿ ಇದು ಹೇಳ್ಲಾಕ ಬೇಕೇ ಆಗ್ಲಿಲ್ಲ. ಎಲ್ಲಾರಿಗಿ ಭಾಳ ಹಿಡಿಸಿದ್ದು ಕರಿಕಾಲಿನ ಫೆರೆಟ್ ಕಥಿ. ನೋಡ್ಲಾಕ ಮುಂಗಸಿ ಥರ, ಪ್ರೇರಿ ಡಾಗ್ ಅನ್ನೋ ಪ್ರಾಣಿನ ತಿಂದು, ಅದ್ರ ಬಿಲದಾಗೇ ಮಲಗಿ ಬದುಕ್ತದ. ಪ್ರೇರಿ ಡಾಗ್ ಅಂದ್ರ ನಾಯಿ ಅಲ್ಲ, ನೆಲದಾಗ ಬಿಲ ತೋಡೋ ಇಣಚಿ ಜಾತಿದು, ಊರಿಗಿ ಊರೇ ಕಟ್ಕೊಂಡು ಇರ್ತಾವ, ಅವು ಬಿಟ್ಟ ಬಿಲದಾಗ ಗೂಬಿನೂ ಸಂಸಾರ ಮಾಡ್ತದ. ರೈತ್ರು, ಸರ್ಕಾರದೋರು ಕೂಡಿ ಪ್ರೇರಿ ಡಾಗ್‌ಗೋಳಿಗಿ ವಿಷ ಇಟ್ಟು ಕೊಂದ್ರು, ದನಕ್ಕ ಹುಲ್ಲು ಉಳಿಲಿ ಅಂತ. ಮ್ಯಾಲ ಪ್ಲೇಗ್ ಬ್ಯಾರೆ. ಅವು ಹೋದ ಮ್ಯಾಲ ಫೆರೆಟ್‌ಗೋಳೂ ಹೋದ್ವು, ಪೂರಾ ವಂಶ ಮುಗಿತು ಅಂತ ತಿಳ್ಕೊಂಡಿದ್ರು. 1981ರಾಗ ವಯೋಮಿಂಗ್‌ನ ಮೀಟೀಟ್ಸಿ ಅನ್ನೋ ಊರ ಹತ್ರ ಒಂದು ಸಾಕಿದ ನಾಯಿ ಸತ್ತ ಫೆರೆಟ್ ಕಚ್ಕೊಂಡು ಮನಿಗಿ ತಂತು, ಅಲ್ಲಿಂದ ಹುಡುಕಿದ್ರ ಇನ್ನೂ ಕೆಲವು ಇದ್ವು. 1987ರ ಹೊತ್ತಿಗಿ ಉಳಿದ ಹದಿನೆಂಟನ್ನ ಹಿಡ್ಕೊಂಡು ಬಂದು ಸಾಕಿ ಮರಿ ಮಾಡ್ಸಿ ಮತ್ತ ಬಯಲಿಗಿ ಬಿಡ್ಲತ್ತಾರ. 1988ರಾಗ ಸತ್ತ ಒಂದು ಫೆರೆಟ್‌ದು ಜೀವಕೋಶ ಫ್ರೀಜರ್‌ನ್ಯಾಗ ಇಟ್ಟಿದ್ರಲ್ಲ, ಅದ್ರಿಂದ 2020ರ ಡಿಸೆಂಬರ್‌ನ್ಯಾಗ ತದ್ರೂಪಿ ಮರಿ ಹುಟ್ಸಿದ್ರು, ಎಲಿಜಬೆತ್ ಆನ್ ಅಂತ ಹೆಸರು. ಹುಡುಗ್ರಿಗಿ ಕ್ಲೋನಿಂಗ್ ಹೋಗ್ಲಿ, ಆ ನಾಯಿಗಿ ಏನು ಬಹುಮಾನ ಕೊಟ್ರು ಅನ್ನೋದೇ ಚಿಂತಿ.

ಈ ಕಾರ್ಡ್ ಜೋಡಿ ಒಂದು ರೈತನ ಕಾರ್ಡ್ ಇಟ್ಟಾರ, ಅದಕ್ಕ ಕಂಪನಿಗಿ ಶಹಬ್ಬಾಸ್ ಅನ್ಬೇಕು. ನನ್ನ ದನಕ್ಕ ಮೇವು ಬೇಕು, ಬಿಲದಾಗ ಕುದರಿ ಕಾಲು ಮುರಿತಾವ, ನಾ ಯಾಕ ಇವುಕ್ಕ ಜಾಗ ಬಿಡ್ಲಿ ಅಂತ ರೈತ ಕೇಳೋ ಕಾರ್ಡ್. ಪರಿಸರ ಪಾಠದಾಗ ರೈತ ಅಂದ್ರ ಒಂದೋ ಅನ್ನದಾತ ಇಲ್ಲಾ ಕಾಡು ಕಡಿಯೋ ವಿಲನ್. ಇಲ್ಲಿ ಮನುಷ್ಯ ಆಗಿ ಬಂದಾನ. ಯಾಕ ಹೇಳ್ತೀನಿ ಅಂದ್ರ, ನಮ್ಮ ಕಡೆ ಚಿಗರಿ ಅಂದ್ರ ಕ್ಯಾಲೆಂಡರ್ ಚಿತ್ರ ಅಲ್ಲ. ಮುಂಗಾರಿನ್ಯಾಗ ಸೋಯಾ, ಉದ್ದು, ಹೆಸರು ಎರಡೆಲಿ ಬಂದಾಗ ಹಿಂಡು ಬಂದು ತುದಿ ತುದಿ ಮೇದು ಹೋಗ್ತಾವ. 1972ರ ಕಾಯ್ದೆ ಪ್ರಕಾರ ಹುಲಿಗಿ ಎಷ್ಟು ರಕ್ಷಣೆ ಅದ ಕೃಷ್ಣಮೃಗಕ್ಕೂ ಅಷ್ಟೇ ಅದ, ಮೊದಲ ಷೆಡ್ಯೂಲ್, ಹೊಡದ್ರ ಜೈಲು. ಒಬ್ಬ ಹುಡ್ಗನ ಅಪ್ಪ ಸಾಲಿ ಗೇಟಿಗೇ ಬಂದು ಕೇಳ್ದ, ಸರ್ ನೀವು ಚಿಗರಿ ಆಟ ಆಡಸ್ರಿ, ನನ್ನ ಉದ್ದಿನ ಹೊಲ ಯಾರು ಕಾಯ್ತಾರ? ಅದಕ್ಕ ನನ್ನ ಕಡೆ ಉತ್ತರ ಇರ್ಲಿಲ್ಲ, ಆದ್ರ ಆ ಕಾರ್ಡ್ ಇತ್ತು. ಮರುದಿನ ಕ್ಲಾಸಿನ್ಯಾಗ ಅರ್ಧ ಮಂದಿ ರೈತ್ರು, ಅರ್ಧ ಮಂದಿ ಅರಣ್ಯ ಇಲಾಖೆ ಅಂತ ಮಾಡಿ ವಾದ ಹಚ್ಚಿದೆ. ಬೆಳಿ ಪರಿಹಾರದ ಅರ್ಜಿ ಎಲ್ಲಿ ಕೊಡ್ಬೇಕು, ಫೋಟೋ ಹೆಂಗ ತಗಿಬೇಕು, ಪಂಚನಾಮಿ ಯಾರು ಮಾಡ್ತಾರ ಅಂತ ರೈತ್ರ ಕಡೆ ಹುಡುಗ್ರೇ ಎಲ್ಲಾ ಬಲ್ಲೋರು, ಅರಣ್ಯ ಇಲಾಖೆ ಹುಡುಗ್ರು ಸೋತ್ರು.

ಬೆಟ್ಟದ ಭಾಗ ನಂಗ ಅಷ್ಟು ಸೇರ್ಲಿಲ್ಲ. ಪೋಸ್ಟರ್ ಎರಡೂ ಬರೇ ನೋಡ್ಲಾಕ ಚಂದ. ರಾಕಿ ಪರ್ವತದ ಬುಡದಾಗ ಹುಲ್ಲು, ಮ್ಯಾಲ ಪೈನ್ ಕಾಡು, ಕೊಲೊರಾಡೊದಾಗ ಹನ್ನೊಂದೂವರಿ ಸಾವಿರ ಅಡಿ ಹತ್ರ ಗಿಡ ಬೆಳಿಯೋದೇ ನಿಲ್ತದ, ಅದ್ರ ಮ್ಯಾಲ ಕಲ್ಲುಬಂಡಿ, ಕಲ್ಲಿನ ಸಂದಿನ್ಯಾಗ ಪೀಕಾ ಅನ್ನೋ ಮೊಲದ ಜಾತಿ ಸಣ್ಣ ಪ್ರಾಣಿ, ಬ್ಯಾಸಗ್ಯಾಗ ಹುಲ್ಲು ಒಣಗಿಸಿ ಬಣವಿ ಒಟ್ಟಿ ಹಿಮಗಾಲಕ್ಕ ಇಟ್ಕೋತದ. ಓದ್ಲಾಕ ಖುಷಿ, ಆದ್ರ ಮಾಡ್ಲಾಕ ಏನೂ ಇಲ್ಲ, ಒಂದು ಪಿರಿಯಡ್‌ನ್ಯಾಗ ಮುಗೀತು. ಎತ್ತರ ಏರಿದಂಗ ಚಳಿ ಏರ್ತದ ಅನ್ನೋದಕ್ಕ ನಾವೇ ಉದಾಹರಣಿ ಹುಡ್ಕೋಬೇಕಾಯ್ತು. ಬೀದರ್ ಕಲಬುರಗಿಗಿಂತ ಎತ್ತರ, ಅದಕ್ಕ ಬ್ಯಾಸಗ್ಯಾಗ ಕಲಬುರಗಿ ಬಸ್‌ನಿಂದ ಇಲ್ಲಿ ಇಳಿದೋರಿಗಿ ಜರಾ ಉಸಿರು ಬರ್ತದ, ಚಳಿಗಾಲದಾಗ ಟಿವಿ ಸುದ್ದ್ಯಾಗ ಬೀದರ್ ಹೆಸರು ಬರ್ತದ. ಯಾದಗಿರಿ ಕಡೆ ಸುರಪುರ ತಾಲೂಕಿನ ಬೋನಾಳ ಕೆರಿಗಿ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವ, ಹಿಮಾಲಯ ದಾಟಿ ಬರೋ ಹಕ್ಕಿ ಅದು. ಇಂಥಾದ್ದೊಂದು ಕಾರ್ಡ್ ಇದ್ದಿದ್ರ ಬೆಟ್ಟ ನಮ್ಮ ಹುಡುಗ್ರಿಗಿ ಎಷ್ಟು ಹತ್ರ ಆಗ್ತಿತ್ತು.

ಆದ್ರ ಬೆಟ್ಟದ ಭಾಗದಾಗ ಒಂದು ಚಟುವಟಿಕೆ ಬಂಗಾರದಂಥಾದ್ದು ಅದ. ದಪ್ಪ ಕಾಗದ ಮುದ್ದಿ ಮಾಡಿ ಮತ್ತ ಅರ್ಧಮರ್ಧ ಬಿಡಿಸಿ ಇಡ್ಬೇಕು, ಏರು ತಗ್ಗು ಬೆಟ್ಟ ಆಗ್ತಾವ. ಏರಿನ ಮ್ಯಾಲೆಲ್ಲಾ ನೀರಿಗಿ ಕರಗೋ ಮಾರ್ಕರ್‌ನಿಂದ ಗೆರಿ ಎಳ್ದು ಸ್ಪ್ರೇ ಹೊಡದ್ರ ಬಣ್ಣ ಇಳ್ಕೊಂತ ಹಳ್ಳ ಆಗಿ, ಕೂಡಿ ನದಿ ಆಗಿ, ತಗ್ಗಿನ್ಯಾಗ ಕೆರಿ ನಿಲ್ತದ. ರಾಕಿ ಪರ್ವತದ ನೆತ್ತಿ ಮ್ಯಾಲ ಬಿದ್ದ ಮಳಿ ಒಂದು ಕಡಿದು ಪೆಸಿಫಿಕ್‌ಗಿ, ಇನ್ನೊಂದು ಕಡಿದು ಅಟ್ಲಾಂಟಿಕ್ ಕಡಿಗಿ ಹೋಗ್ತದ ಅಂತ ತೋರ್ಸೋದಕ್ಕ ಇದು. ಕಿಟ್‌ನ ಮಾರ್ಕರ್ ಬರೋವಾಗೇ ಒಣಗಿದ್ವು, ಸ್ಪ್ರೇ ಬಾಟ್ಲಿ ಒತ್ತೋ ಗುಂಡಿ ಮೊದ್ಲ ದಿನಾನೇ ಮುರಿತು. ಇಂಕ್ ಪೆನ್ನಿಂದ ಗೆರಿ ಎಳದ್ವಿ, ಕಟಿಂಗ್ ಅಂಗಡಿಯಿಂದ ಸ್ಪ್ರೇ ಬಾಟ್ಲಿ ಬೇಡ್ಕೊಂಡು ಬಂದ್ವಿ, ಕಿಟ್‌ದಕ್ಕಿಂತ ಚಲೋ ಹೊಡಿತು. ಆಮ್ಯಾಲ ಅದೇ ಕಾಗದ ಬೀದರ್ ಜಿಲ್ಲಾ ಅಂತ ತಿಳ್ಕೊಳ್ರಿ ಅಂದೆ. ನಮ್ಮಲ್ಲೂ ಹಂಗೇ ಅದಲ್ಲ, ಮಾಂಜ್ರಾ, ಕಾರಂಜಾ ನೀರು ಗೋದಾವರಿಗಿ ಹೋಗ್ತದ, ಮುಲ್ಲಾಮಾರಿ ನೀರು ಕಾಗಿಣಾ, ಭೀಮಾ ಹಿಡ್ದು ಕೃಷ್ಣಾಕ್ಕ ಹೋಗ್ತದ. ಒಂದೇ ಜಿಲ್ಲಾದಾಗ ಬಿದ್ದ ಮಳಿ ಎರಡು ನದಿಗಿ ಪಾಲಾಗ್ತದ. ಹುಮನಾಬಾದ್ ಕಡೆ ಸೋದರಮಾವನ ಮನಿ ಇದ್ದ ಹುಡ್ಗಿಗಿ ತನ್ನ ಊರ ನೀರು ಬ್ಯಾರೆ, ಮಾವನ ಊರ ನೀರು ಬ್ಯಾರೆ ಅಂತ ಗೊತ್ತಾಗಿ ಬಾಯಿ ತಗ್ದಾಕಿ ಮುಚ್ಚಲಿಲ್ಲ. ಭೂಗೋಳ ಹೇಳೋ ಅಕ್ಕೋರು ಆ ಕಾಗದ ಒಣಗಿಸಿ ತಮ್ಮ ಕ್ಲಾಸಿಗಿ ಒಯ್ದ್ರು, ಇನ್ನೂ ವಾಪಸ್ ಕೊಟ್ಟಿಲ್ಲ.

ಈಗ ಬೈಯೋ ಭಾಗಕ್ಕ ಬರ್ತೀನಿ. ಕನ್ನಡ ಪುಸ್ತಕ ಅದ ಅಂತ ವೆಬ್‌ಸೈಟ್‌ನ್ಯಾಗ ಹಾಕ್ಯಾರ, ಅದ ಖರೇ, ಆದ್ರ ಓದಿದ್ರ ಕೋರ್ಟ್ ನೋಟಿಸ್ ಓದಿದಂಗ ಆಗ್ತದ. ನಾ ಓದಿ ನಮ್ಮ ಮಾತಿನ್ಯಾಗ ಹೇಳ್ಬೇಕಾಯ್ತು. ಬೊಂಬಿ ಒಂದು ಕಮ್ಮಿ ಬಂದಿತ್ತು, ಫೋನ್ ಹಚ್ಚಿದ್ರ ಹಿಂದಿ ಬಿಟ್ರ ಮಾತಿಲ್ಲ, ಮೇಲ್ ಮಾಡ್ರಿ ಅಂದ್ರು, ಮೇಲ್ ಮಾಡಿದ್ರ ಟಿಕೆಟ್ ನಂಬರ್ ಬಂತು, ಬೊಂಬಿ ಬರ್ಲಿಲ್ಲ. ಇದೆಲ್ಲಾ ಸಣ್ಣದು. ದೊಡ್ಡದು ಆ ಸೀಡ್‌ಬಾಲ್.

ಕಿಟ್ ಪೂರಾ ಏನು ಹೇಳ್ತದ? ಹುಲ್ಲಿನ ಬಯಲು ಖಾಲಿ ಜಾಗ ಅಲ್ಲ, ಗಿಡ ಇಲ್ಲ ಅಂದ ಕೂಡ್ಲೇ ಹಾಳು ಅಲ್ಲ, ಅದ್ರ ಜೀವ ನೆಲದ ಕೆಳಗ ಅದ, ಬಯಲೇ ಬೇಕಾಗೋ ಪ್ರಾಣಿ ಅವ ಅಂತ ಹೇಳ್ತದ. ಇಷ್ಟು ಹೇಳಿ ಕಡಿ ಪುಟದಾಗ ಭಾರತದ ಮಕ್ಕಳಿಗಾಗಿ ಅಂತ ತಲಿಬರಹ ಹಾಕಿ, ನಿಮ್ಮ ಊರ ಖಾಲಿ ಬಯಲಿಗಿ ಹೋಗಿ ಈ ಬೀಜದ ಉಂಡಿ ಎಸೀರಿ, ಹಸಿರು ಮಾಡ್ರಿ ಅಂತ ಬರ್ದಾರ! ಪೊಟ್ಟಣದಾಗ ಯಾವ ಬೀಜ ಅದ ಅಂತನೂ ಬರ್ದಿಲ್ಲ. ಮುಂದಿನ ಪುಟ ಬರ್ದೋರು ಹಿಂದಿನ ಪುಟ ಓದೇ ಇಲ್ಲ ಅನಸ್ತದ. ನಮ್ಮ ಕಡೆ ಖಾಲಿ ಬಯಲು ಅಂದ್ರ ಗಾಯರಾಣ. ದನ ಕುರಿ ಮೇಯೋದು ಅಲ್ಲೇ, ಚಿಗರಿ ಓಡೋದು ಅಲ್ಲೇ, ನರಿ, ಮೊಲ, ಪುರಲಿ ಹಕ್ಕಿ ಇರೋದು ಅಲ್ಲೇ. ಕೆಂಪು ಜಂಬಿಟ್ಟಿಗಿ ನೆಲ, ಮ್ಯಾಲ ಗೇಣು ಮಣ್ಣು, ಮಳಿಗಾಲದಾಗ ಮೊಣಕಾಲು ಮಟ ಹುಲ್ಲು. ಚಿಗರಿ ತನ್ನ ಜೀವ ಉಳಿಸ್ಕೊಳ್ಳೋದು ದೂರ ನೋಡಿ ಓಡೋದ್ರಿಂದ, ಗಿಡ ದಟ್ಟ ಆದ್ರ ಅದಕ್ಕ ಕಣ್ಣು ಕಟ್ಟಿದಂಗ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದು ಕಾಲಕ್ಕ ಉತ್ತರ ಕರ್ನಾಟಕದ ಬಯಲಿನ್ಯಾಗ ಇತ್ತು, ಈಗ ಬಳ್ಳಾರಿ ಸಿರುಗುಪ್ಪ ಕಡೆ ಬೆರಳೆಣಿಕಿ. ಚೀತಾ ಅಂತೂ 1952ರಾಗೇ ದೇಶದಾಗ ಇಲ್ಲ ಅಂತ ಘೋಷಣೆ ಆಯ್ತು, 2022ರಾಗ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗ ತರಬೇಕಾಯ್ತು. ಸರ್ಕಾರಿ ಲೆಕ್ಕದಾಗ ವೇಸ್ಟ್‌ಲ್ಯಾಂಡ್ ಅಟ್ಲಾಸ್ ಅಂತ ಒಂದು ಅದ, ಗಿಡ ಕಮ್ಮಿ ಇರೋ ಎಷ್ಟೋ ಹುಲ್ಲುಗಾವಲು ಕುರುಚಲು ಅದ್ರಾಗ ಪಾಳು ಅಂತನೇ ಬರ್ತಾವ. ಹಿಂಗಿರೋವಾಗ ಪರಿಸರ ಕಿಟ್ ಮಾಡೋರೇ ಖಾಲಿ ಬಯಲು ಅಂದ್ರ ಹೆಂಗ್ರಿ?

ನಾ ಇದನ್ನ ಹುಡುಗ್ರಿಗಿ ಹೇಳೋಕಿಂತ ಮೊದ್ಲೇ ಏಳನೇತ್ತದ ಒಬ್ಬ ಹಿಡ್ದ. ಪೊಟ್ಟಣ ಕೈಯಾಗ ಹಿಡ್ಕೊಂಡು, ಸರ್ ಇವು ಅಲ್ಲಿ ಒಗದ್ರ ಚಿಗರಿ ಎಲ್ಲಿ ಓಡ್ತಾವ, ಮುತ್ಯಾ ಕುರಿ ಎಲ್ಲಿ ಹೊಡಿತಾನ ಅಂದ. ಕುರುಬರ ಹುಡ್ಗ. ಆಟದಾಗ ಹಗ್ಗ ಹಿಡ್ದು ನಿಂತವ ಅವನೇ. ನಾವು ಆ ಉಂಡಿಗೋಳು ಒಡದು ಬೀಜ ಬ್ಯಾರೆ ಮಾಡಿ ನೋಡಿದ್ವಿ, ಗುರ್ತು ಸಿಕ್ಕ ಹುಣಸಿ ಬೀಜ ಸಾಲಿ ಕಂಪೌಂಡ್ ಒಳಗ ಹಾಕೀವಿ, ಗುರ್ತು ಸಿಗದ್ದು ಬಿಸಾಕೀವಿ. ಗಿಡ ಹಚ್ಚೋದಕ್ಕ ನನ್ನ ವಿರೋಧ ಇಲ್ಲ, ರಸ್ತಿ ಬಾಜು ಹಚ್ಚ್ರಿ, ಹೊಲದ ಬದುವಿಗಿ ಹಚ್ಚ್ರಿ, ಜೂನ್ 5ಕ್ಕ ಪ್ರತಿ ವರ್ಷ ಅದೇ ಗುಂಡ್ಯಾಗ ಹಚ್ಚೋ ಬದ್ಲು ಹಚ್ಚಿದ್ದಕ್ಕ ನೀರು ಹಾಕ್ರಿ. 1991ರಾಗೇ ಸುಪ್ರೀಂ ಕೋರ್ಟ್ ಸಾಲಿ ಕಾಲೇಜಿನ್ಯಾಗ ಪರಿಸರ ಕಲಿಸ್ಲೇಬೇಕು ಅಂತ ಹೇಳ್ಯದ, ಕಲಿಸ್ಲತ್ತೀವಿ, ಆದ್ರ ಪರಿಸರ ಅಂದ್ರ ಕಾಡು, ಕಾಡು ಅಂದ್ರ ಗಿಡ, ಅಲ್ಲಿಗೇ ನಿಂತದ. ಚಿಂಚೋಳಿ ನಮಗ ಹತ್ರ, 2011ರಾಗ ವನ್ಯಜೀವಿಧಾಮ ಆಗ್ಯದ, ಚಂದ್ರಂಪಳ್ಳಿ ಡ್ಯಾಮ್, ಎತ್ತಿಪೋತ ಜಲಪಾತ, ಗುಡ್ಡದ ಕಾಡು ಎಲ್ಲಾ ನೋಡ್ಲೇಬೇಕಾದ ಜಾಗ, ಹುಡುಗ್ರನ್ನ ಕರ್ಕೊಂಡು ಹೋಗ್ರಿ. ಆದ್ರ ಹುಲ್ಲುಗಾವಲು ನೋಡ್ಲಾಕ ಬಸ್ ಮಾಡ್ಸೋದು ಬೇಕಿಲ್ಲ, ಸಾಲಿ ಹಿಂದಿನ ಗಾಯರಾಣಕ್ಕ ಮುಂಜಾನಿ ಪ್ರಾರ್ಥನಾ ಮುಗ್ಸಿ ನಡ್ಕೊಂಡು ಹೋದ್ರ ಆಯ್ತು.

ನಾವು ಹೋದ್ವಿ. ಕಿಟ್‌ನ್ಯಾಗ ಒಂದು ಶೀಟ್ ಅದ, ಒಂದು ಚೌಕ ದಾರ ಕಟ್ಟಿ ಅದ್ರೊಳಗ ಏನೇನು ಸಿಗ್ತದ ಬರೀರಿ ಅಂತ. ಒಂದು ಗುಂಪಿನ ಚೌಕದಾಗ ಇರ್ವಿ ಗೂಡು, ಎರಡು ಥರ ಹುಲ್ಲು, ಕುರಿ ಹಿಕ್ಕಿ, ಚಿಗರಿ ಹಿಕ್ಕಿ, ಒಂದು ಗುಟ್ಕಾ ಚೀಟಿ. ಕುರಿದು ಯಾವ್ದು ಚಿಗರಿದು ಯಾವ್ದು ಅಂತ ಆ ಕುರುಬರ ಹುಡ್ಗ ಕೈಯಾಗ ಹಿಡ್ದು ತೋರ್ಸಿ ಹೇಳ್ದ, ನಂಗ ಎರಡೂ ಒಂದೇ ಕಂಡಿದ್ವು. ಆ ಶೀಟ್ ಚಲೋ ಅದ, ಜೆರಾಕ್ಸ್ ಮಾಡಿಸ್ಕೊಂಡು ಇಟ್ಕೊಳ್ರಿ, ಕಿಟ್‌ನ್ಯಾಗ ಹತ್ತೇ ಕೊಡ್ತಾರ.

ಯಾರು ತಗೋಬಹುದು? ಮನ್ಯಾಗ ಒಂದು ಮಗು ಅದ, ಹುಟ್ಟುಹಬ್ಬಕ್ಕ ಕೊಡ್ಬೇಕು ಅನ್ನೋರಿಗಿ ಬ್ಯಾಡ, ಆಟಕ್ಕ ಮಂದಿ ಬೇಕು, ಬೇರಿನ ಬಟ್ಟಿಗಿ ಎತ್ತರದ ಗ್ವಾಡಿ ಬೇಕು. ಸಾಲಿಗೋಳು, ಬ್ಯಾಸಗಿ ಶಿಬಿರ ಮಾಡೋರು, ಎರಡು ಮೂರು ಸಾಲಿ ಕೂಡಿ ಒಂದು ತರಿಸಿ ಕೈಬದಲು ಮಾಡ್ಕೊಂಡ್ರ ಭಾಳ ಚಲೋ. ಕಲಬುರಗಿ ಜಿಲ್ಲಾ ವಿಜ್ಞಾನ ಕೇಂದ್ರಕ್ಕ ಹುಡುಗ್ರನ್ನ ಕರ್ಕೊಂಡು ಹೋಗೋ ಮಾಸ್ತರ್ರು ಹೆಂಗೂ ಒಂದು ದಿನ ಅಲ್ಲೇ ಕಳಿತೀರಿ, ಅದಕ್ಕ ಮೊದ್ಲ ವಾರ ಈ ಆಟ ಆಡ್ಸಿ ಹೋಗ್ರಿ, ಅಲ್ಲಿ ಕೇಳೋ ಪ್ರಶ್ನಿಗೋಳೇ ಬ್ಯಾರೆ ಆಗ್ತಾವ. ಮುಂದಿನ ಸಲ ಕಿಟ್ ಮಾಡೋವಾಗ ಕಂಪನಿಯವ್ರು ಚಿಗರಿ, ತೋಳ, ಎರೆಭೂತ ಇವುಕ್ಕ ನಾಕೈದು ಕಾರ್ಡ್ ಹಾಕ್ರಿ, ಸೀಡ್‌ಬಾಲ್ ತಗ್ದು ಆ ಜಾಗದಾಗ ಎರಡು ಮಾರ್ಕರ್ ಹೆಚ್ಚಿಗಿ ಇಡ್ರಿ.

ಇನ್ನೊಂದು. ಬೀದರ್ ಹಳ್ಳಿ ಪಿನ್‌ಕೋಡಿಗಿ ಕ್ಯಾಶ್ ಆನ್ ಡೆಲಿವರಿ ತೋರ್ಸಲ್ಲ, ಮೊದ್ಲೇ ರೊಕ್ಕ ಕಟ್ಟಬೇಕು, ಕೊರಿಯರ್‌ದವ ಹಳ್ಳಿಗಿ ಬರಲ್ಲ, ಬೀದರ್ ಆಫೀಸಿಗೇ ಹೋಗಿ ತರಬೇಕು. ಸಾಲಿ ಹೆಸರಿನ್ಯಾಗ ಜಿಎಸ್‌ಟಿ ಬಿಲ್ ಬೇಕಂದ್ರ ಆರ್ಡರ್ ಮಾಡೋವಾಗೇ ಹಾಕ್ರಿ, ಆಮ್ಯಾಲ ಕೇಳಿದ್ರ ಕೊಡಲ್ಲ.